ಪಾಲು ಹೋದ ಮನೆಗಳು

ಸೆಪ್ಟೆಂಬರ್ 20, ಶನಿವಾರ

ಕಾರು ಓಡಿಸುತ್ತಿದ್ದವಳು ನಾನು. ಬೇರೆ ಯಾರಿಗೂ ಹೇಳುವಂತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇವತ್ತಿನಿಂದ ದಸರಾ ರಜೆ. ಅಪ್ಪನ ಪಕ್ಷಕ್ಕೆಂದು ನಿನ್ನೆ ಸಂಜೆ ನಾನೂ ಮೋಹನ್ ಕೂಡ ಕೊಣನೂರಿಗೆ, ನನ್ನ ತವರಿಗೆ ಹೋಗಿದ್ದೆವು. ನಾಳೆ ಅಮಾವಾಸ್ಯೆ, ನಮ್ಮ ಮನೆಯಲ್ಲೂ ಹಿರಿಯರ ಹಬ್ಬ. ಬೆಳಗಾಗುತ್ತಲೇ ಹೊರಟು ಬಂದುಬಿಡಿ ಎಂದು ಅತ್ತೆ ಆಜ್ಞೆ ಮಾಡಿದ್ದರು. ಮೋಹನ್‌ಗೆ ಸೊಂಟ ಹಿಡಿದುಕೊಂಡಿತ್ತು. "ನೀನೇ ಓಡ್ಸು, ರೋಡು ಖಾಲಿ ಐತೆ" ಎಂದರು. ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬದವಳಿಗೆ ಅದು ಸಂಭ್ರಮದ ಮಾತು.

ಕೊಣನೂರು ಬಿಟ್ಟು ಸ್ವಲ್ಪ ದೂರ ಬಂದರೆ ಅರಣ್ಯ ಇಲಾಖೆಯ ನೆಡುತೋಪು. ಮಂಜಿತ್ತು. ಎಡಗಡೆಯಿಂದ ಬಂತು. ಬ್ರೇಕ್ ಒತ್ತಿದೆ. ಒತ್ತಿದ್ದು ಬ್ರೇಕನ್ನೇ ಎಂದು ಇನ್ನೂ ನಂಬಿದ್ದೇನೆ.

ಇಳಿದು ನೋಡಿದರೆ ಜಿಂಕೆ. ಹೆಣ್ಣು. ಹಿಂಗಾಲು ಟಾರನ್ನು ಕೆರೆಯುತ್ತಿತ್ತು, ಕಣ್ಣು ನನ್ನ ಕಡೆಗೇ ಇತ್ತು. ನನಗೆ ಅಳು ಬಂತು. "ಫಾರೆಸ್ಟ್ ಆಫೀಸಿಗೆ ಫೋನ್ ಮಾಡೋಣ, ಜೀವ ಇದೆ" ಎಂದೆ. ಮೋಹನ್ ರಸ್ತೆಯ ಎರಡೂ ಕಡೆ ನೋಡಿದರು.

"ಫೋನ್ ಮಾಡಿದ್ರೆ ಬಂದು ನಿಂಗೆ ಆರ ಆಕ್ತಾರಾ? ಕೋರ್ಟು ಕಚೇರಿ ಅಂತ ಅಲೆಸ್ತಾರೆ. ಗೌರ್ಮೆಂಟ್ ಕೆಲ್ಸದೋಳು ನೀನು. ಸುಮ್ನೆ ಡಿಕ್ಕಿ ತಗಿ."

ಡಿಕ್ಕಿಯಲ್ಲಿ ಅವರ ತೆಂಗಿನಕಾಯಿ ವ್ಯಾಪಾರದ ಖಾಲಿ ಚೀಲಗಳಿದ್ದವು. ಅವನ್ನು ಹಾಸಿ ಅದನ್ನು ಎತ್ತಿ ಹಾಕಿದರು. ಸೊಂಟ ನೋವು ಎಲ್ಲಿ ಹೋಯಿತೋ. ಡಿಕ್ಕಿ ಮುಚ್ಚಿ ಕೈ ಒರೆಸಿಕೊಳ್ಳುತ್ತ, "ಅಪ್ಪನೇ ಕಳ್ಸವ್ನೆ ಕಣೆ. ಅಮಾಸೆ ಇಂದಿನ್ ದಿನ ಯಾಕ್ ಸಿಕ್ತು ಏಳು ಮತ್ತೆ" ಎಂದರು. ತೀರಿಹೋದ ಮಾವನಿಗೆ ಜಿಂಕೆ ಬಾಡು ಎಂದರೆ ಪ್ರಾಣವಂತೆ. ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲವಂತೆ.

ಅರಕಲಗೂಡು ಬರುವವರೆಗೂ ಹಿಂದಿನಿಂದ ಒದೆಯುವ ಸದ್ದು ಬರುತ್ತಿತ್ತು. ಪೇಟೆಯಲ್ಲಿ ಒಬ್ಬ ಪೊಲೀಸ್ ಟೀ ಕುಡಿಯುತ್ತ ನಿಂತಿದ್ದ. ನನ್ನ ಕೈ ಸ್ಟಿಯರಿಂಗಿಗೆ ಅಂಟಿಕೊಂಡುಬಿಟ್ಟಿತ್ತು. ಹಳ್ಳಿಮೈಸೂರು ದಾಟುವ ಹೊತ್ತಿಗೆ ಸದ್ದು ನಿಂತಿತು.

ಶನಿವಾರ ಬಾಡು ಮನೆಯೊಳಗೆ ಬರಕೂಡದು ಎಂದು ಅತ್ತೆಯ ಕಟ್ಟು. ಹಾಗಾಗಿ ಮೋಹನ್ ಸೀದಾ ತೋಟದ ಪಂಪ್‌ಸೆಟ್ ಮನೆಗೆ ಒಯ್ದರು. ಚರ್ಮ, ಗೊರಸು ಎಲ್ಲ ಅಲ್ಲೇ ಹೂತರಂತೆ. "ಯಾರಾದ್ರೂ ಕೇಳಿದ್ರೆ ನಾನ್ ಓಡಿಸ್ತಿದ್ದೆ ಅನ್ನು" ಎಂದರು. ನಾನು ಒಪ್ಪಲಿಲ್ಲ. ಗುದ್ದಿದ್ದು ನಾನು. ಗುದ್ದಿದ್ದು ಆಕಸ್ಮಿಕ, ಹೊತ್ತು ತಂದದ್ದು ಅಪರಾಧ. ಅಷ್ಟು ನನಗೂ ಗೊತ್ತಿದೆ. ಹಬ್ಬ ಕೆಡಿಸುವುದು ಬೇಡ, ಸೋಮವಾರ ಹೊಳೆನರಸೀಪುರದ ಫಾರೆಸ್ಟ್ ಆಫೀಸಿಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿ ಎಂದು ದಿನವೂ ಹೇಳುವವಳು ನಾನು.

ಸೆಪ್ಟೆಂಬರ್ 21, ಭಾನುವಾರ

ಕೆಟ್ಟೆವು.

ಬೆಳಗ್ಗೆ ಎದ್ದು ಹಿತ್ತಿಲಿಗೆ ಹೋದರೆ ಅತ್ತೆ ಬಾಳೆಲೆ ಹಾಸಿಕೊಂಡು ಬಾಡನ್ನು ಗುಡ್ಡೆ ಹಾಕುತ್ತ ಕೂತಿದ್ದಾರೆ. ಪ್ರತಿ ಗುಡ್ಡೆಗೂ ಇಷ್ಟು ಮೂಳೆ, ಇಷ್ಟು ಮೆದು, ಒಂದು ಚೂರು ಈಲಿ, ಅಂದರೆ ಲಿವರ್. ದಾಯಾದಿಗಳ ಮನೆಗೆಲ್ಲ ಒಂದೊಂದು ಪಾಲು. ಯಾವ ಮೇಷ್ಟ್ರೂ ಅಷ್ಟು ಸಮನಾಗಿ ಭಾಗಾಕಾರ ಮಾಡಲಾರ.

"ಅತ್ತೆ, ಇದು ಮನೆ ಬಿಟ್ಟು ಆಚೆ ಹೋಗಬಾರದು. ಜೈಲಿಗೆ ಹಾಕುತ್ತಾರೆ" ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ಇರೀಕರ ಎಡೆ ಬಾಡ ಮುಚ್ಚಿಕ್ಕಂಡು ಒಬ್ರೇ ತಿನ್ನಕಾಯ್ತದಾ ದೀಪಾ? ಪಾಲು ಓಗ್ದೆ ಇದ್ರೆ ನಿಮ್ ಮಾವ ಎಡೆ ಮುಟ್ಟಕಿಲ್ಲ. ನಾನ್ ಬದುಕಿರಗಂಟ ಅದಾಗಕಿಲ್ಲ."

ಮೋಹನ್ ಕಡೆ ನೋಡಿದೆ. ಜಿಂಕೆ ಎತ್ತಿದ ಗಂಡಸು ಅಮ್ಮನ ಮುಂದೆ ಕೂತು ಈರುಳ್ಳಿ ಸುಲಿಯುತ್ತಿದ್ದರು. ಕೊನೆಗೆ ಕುರಿಮಾಂಸ ಎಂದಾದರೂ ಹೇಳಿ ಎಂದು ಅತ್ತೆಯನ್ನು ಬೇಡಿಕೊಂಡೆ. ಹೂಂ ಎಂದರು.

ಮೊದಲ ಪಾಲು ಹೋದದ್ದೇ ಚನ್ನಪ್ಪನವರ ಮನೆಗೆ! ಅವರು ಮಾವನ ಖಾಸಾ ತಮ್ಮ, ನನಗೆ ಚಿಕ್ಕಮಾವ. ತೋಟದ ಬದುವಿನ ಜಗಳದಲ್ಲಿ ಅವರಿಗೂ ಮೋಹನ್‌ಗೂ ಮಾತು ಬಿಟ್ಟು ವರ್ಷಗಳಾದವು. "ನಿನ್ನ ಬೀದಿಗೆ ತರದೆ ಬುಡಕಿಲ್ಲ ಕಣ್ಲಾ" ಎಂದು ಅವರು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಆದರೂ ಅಮಾವಾಸ್ಯೆಗೆ ಆ ಮನೆಯ ಪಾಲು ಈ ಮನೆಗೆ ಬರುತ್ತದೆ, ಈ ಮನೆಯದು ಅಲ್ಲಿಗೆ ಹೋಗುತ್ತದೆ. ಮಾತು ನಿಂತರೂ ಪಾಲು ನಿಂತಿಲ್ಲ.

"ಏನಂತ ಹೇಳಿ ಕೊಟ್ಟಿರಿ?" ಎಂದು ಅತ್ತೆಯನ್ನು ಕೇಳಿದೆ.

"ಚನ್ನಪ್ಪನ್ ತಾವ ಸುಳ್ ಏಳಾನಾ? ನಿಮ್ಮಣ್ಣಂಗೆ ಇಷ್ಟವಾದ್ದು ಸಿಕ್ತು ಕಣಪ್ಪ ಅಂದೆ. ಅಷ್ಟಕ್ಕೇ ತಿಳ್ಕಂಡ."

ನಮ್ಮನ್ನು ಜೈಲಿಗೆ ಕಳಿಸಲು ಏನು ಬೇಕೋ ಅದನ್ನು ಬಾಳೆಲೆಯಲ್ಲಿ ಸುತ್ತಿ ನಾವೇ ಅವರ ಮನೆ ಬಾಗಿಲಿಗೆ ಮುಟ್ಟಿಸಿದ್ದೇವೆ.

ಮಾವನ ಫೋಟೋದ ಮುಂದೆ ಹೊಸ ಪಂಚೆ, ಬೀಡಿ ಕಟ್ಟು, ಮುದ್ದೆ, ಸಾರು. ಎಡೆಯದು ಎಂದು ಅತ್ತೆ ನನ್ನ ತಟ್ಟೆಗೂ ಬಡಿಸಿದರು. ಬೇಡ ಎನ್ನಲಾಗಲಿಲ್ಲ. ರುಚಿಯಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 24, ಬುಧವಾರ

ಸೋಮವಾರ ಹೋಗಲಾಗಲಿಲ್ಲ. ಅವತ್ತೇ ಗಣತಿ ಕೆಲಸ ಶುರುವಾಯಿತು. ಮೇಷ್ಟ್ರುಗಳೆಲ್ಲ ಮೊಬೈಲ್ ಹಿಡಿದು ಮನೆ ಮನೆ ಸುತ್ತಬೇಕು. ನನ್ನ ಪಾಲಿಗೆ ನಮ್ಮೂರೇ ಬಂದಿದೆ.

ಇವತ್ತು ಬೆಳಗ್ಗೆ ಅಮ್ಮ ಕೊಣನೂರಿನಿಂದ ಫೋನ್ ಮಾಡಿದಳು. ತೋಪಿನ ಹತ್ತಿರ ರಸ್ತೆಯಲ್ಲಿ ರಕ್ತ ಬಿದ್ದಿತ್ತಂತೆ, ಫಾರೆಸ್ಟ್‌ನವರು ಬಂದು ಕಪ್ಪು ಪ್ಲಾಸ್ಟಿಕ್ ಚೂರು ಆಯ್ದುಕೊಂಡು ಹೋದರಂತೆ. ಬಿಳಿ ಕಾರು ನೋಡಿದೆ ಎಂದು ಯಾರೋ ಹಾಲಿನವನು ಹೇಳಿದ್ದಾನಂತೆ. "ನೀವ್ ಬರುವಾಗ ಏನಾದ್ರೂ ಕಂಡ್ರಾ?" ಎಂದಳು. ಇಲ್ಲವಲ್ಲ ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಆಮೇಲೆ ಗಣತಿಗೆ ಹೋದರೆ ಪಾಲು ಹೋದ ಮನೆಗಳೇ ಸಾಲಾಗಿ ಸಿಗುತ್ತವೆ. ನಾನು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಅವರು ಒಳಗೊಳಗೇ ನಗುತ್ತಾರೆ. "ಮಿಸ್ಸು, ಈ ಸಲದ ಕುರಿ ಬಲೇ ಎಗರಾಡೋ ಕುರಿ ಇರ್ಬೇಕು" ಎಂದು ಒಬ್ಬಾತ ಕಣ್ಣು ಮಿಟುಕಿಸಿದ. ನಾನೂ ನಕ್ಕೆ. ತಿಂದವರೆಲ್ಲ ನಮ್ಮವರೇ ಎನ್ನುತ್ತಾರೆ ಮೋಹನ್. ತಿಂದವರೆಲ್ಲ ಸಾಕ್ಷಿಗಳು ಎಂದು ನನಗೆ ಕಾಣುತ್ತದೆ.

ಸೆಪ್ಟೆಂಬರ್ 26, ಶುಕ್ರವಾರ

ಮುಂದಿನ ಬುಧವಾರ ಆಯುಧಪೂಜೆ. ಕಾರನ್ನು ಬೀದಿಗೆ ತಂದು ತೊಳೆದು ಹೂ ಹಾಕಬೇಕು. ಮೂತಿ ಒಡೆದ ಕಾರನ್ನು ಊರೆಲ್ಲ ನೋಡಬೇಕೆ? ಹೊಳೆನರಸೀಪುರದ ಗ್ಯಾರೇಜಿನವರೆಲ್ಲ ಪರಿಚಯ. ಹಾಸನದಲ್ಲಿ ಮಗಳ ಹಾಸ್ಟೆಲ್ ಇದೆ, ಅವಳ ಕಣ್ಣಿಗೆ ಬೀಳುವುದು ಬೇಡ. ಚನ್ನರಾಯಪಟ್ಟಣಕ್ಕೆ ಹೋದೆವು.

ಮೆಕ್ಯಾನಿಕ್ ಶಾಂತರಾಜು ಒಡೆದ ಬಂಪರ್ ಬಿಚ್ಚಿ, ಗ್ರಿಲ್ ಸಂದಿಯಿಂದ ಏನನ್ನೋ ಎಳೆದು ಬೆಳಕಿಗೆ ಹಿಡಿದ. ಕಂದು ಕೂದಲು.

"ಮ್ಯಾಕೆ ಗುದ್ದಿದ್ರಾ ಅಣ್ಣ?"

"ಊಂ ಕಣಪ್ಪ, ಮ್ಯಾಕೆ" ಎಂದರು ಮೋಹನ್.

"ಒಳ್ಳೆ ಮ್ಯಾಕೆ" ಎಂದು ಅವನು ಕೂದಲನ್ನು ಊದಿದ. ಹಳೆ ಬಂಪರನ್ನು ಮೂಲೆಗೆ ಎಸೆದ. ಅದನ್ನು ನಮಗೇ ಕೊಡು ಎಂದು ನಾನು ಹೇಳಿದೆ. ಮೋಹನ್‌ಗೆ ಇದು ಹೊಳೆದೇ ಇರಲಿಲ್ಲ! ಬರುವಾಗ ಅದನ್ನು ತುಂಡು ಮಾಡಿಸಿ ಬೇರೆ ಬೇರೆ ಕಡೆ ಎಸೆಸಿದೆ. ಎಲ್ಲವನ್ನೂ ನಾನೇ ಯೋಚಿಸಬೇಕು.

ಸೆಪ್ಟೆಂಬರ್ 28, ಭಾನುವಾರ

ಯಾರೂ ಬರಲಿಲ್ಲ. ಬೀದಿಯಲ್ಲಿ ಜೀಪಿನ ಸದ್ದಾದಾಗಲೆಲ್ಲ ಕಿಟಕಿಗೆ ಓಡುತ್ತೇನೆ. ಅನ್ನ ಸೇರುವುದಿಲ್ಲ.

ಸೆಪ್ಟೆಂಬರ್ 29, ಸೋಮವಾರ

ತಪ್ಪಿಸಿಕೊಂಡು ತಪ್ಪಿಸಿಕೊಂಡು ಇವತ್ತು ಚನ್ನಪ್ಪನವರ ಮನೆಗೆ ಹೋಗಲೇಬೇಕಾಯಿತು. ಎಪ್ಪತ್ತು ದಾಟಿದ ಮನುಷ್ಯ ಜಗುಲಿಯ ಮೇಲೆ ಕೂತು ಕೊಬ್ಬರಿ ಹೆರೆಯುತ್ತಿದ್ದರು. ನನ್ನನ್ನು ನೋಡಿ, "ಬಾರವ್ವ, ಗಣತಿಯಾ? ಬರ್ಕೋ" ಎಂದರು, ಅಷ್ಟೆ. ನಮ್ಮ ಮನೆಯ ಸುದ್ದಿ ಎತ್ತಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಚಿಕ್ಕತ್ತೆ ಮಜ್ಜಿಗೆ ಕೊಡಲು ಫ್ರಿಜ್ ತೆಗೆದರು. ಮೇಲುಗಡೆ, ಐಸಿನ ಖಾನೆಯಲ್ಲಿ, ಬಾಳೆಲೆಯ ಗಂಟು. ನಮ್ಮ ಹಿತ್ತಿಲ ಎಲೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಎಡೆಗೆ ಎರಡ್ ಚೂರು ಮಾಡ್ದೆ ಕಣವ್ವ, ಮಿಕ್ಕಿದ್ದ ಎತ್ತಿಕ್ಕಿವ್ನಿ. ಮೇಘ ಬತ್ತಾಳಲ್ಲ ಎರಿಗೆಗೆ. ಬಸ್ರಿ ಎಂಗ್ಸು, ದೊಡ್ಡಪ್ಪನ ಎಡೆ ಬಾಡು ಒಂದ್ ತುತ್ತು ತಿನ್ಲಿ ಅಂತ ನಿಮ್ ಚಿಕ್ಕಮಾವಂದೇ ಅಟ."

ಅವರ ಮಗಳು ಮೇಘಶ್ರೀ ಹೆರಿಗೆಗೆ ಬರುವುದು ನಿಜವೇ ಇರಬಹುದು. ಆದರೆ ಹಬ್ಬ ಮುಗಿದು ಇಷ್ಟು ದಿನ ಯಾರಾದರೂ ಬಾಡನ್ನು ಹಾಗೇ ಇಡುತ್ತಾರೆಯೇ? ಅದು ಮಗಳಿಗಲ್ಲ. ನಮಗೆ. ಬೇಕಾದಾಗ ತೆಗೆದು ತೋರಿಸಲು ಇಟ್ಟುಕೊಂಡಿದ್ದಾರೆ. ಮಜ್ಜಿಗೆಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಮೋಹನ್‌ಗೆ ಹೇಳಿದೆ. "ಏ, ನೀನೊಬ್ಳು. ನಮ್ ಚಿಕ್ಕಪ್ಪ ಮುಂಗೋಪಿ, ಕೇಡಿಗನಲ್ಲ" ಎಂದರು. ಬದು ಜಗಳದ ದಿನ ಇದೇ ಬಾಯಿ ಏನೆಲ್ಲ ಅಂದಿತ್ತು!

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಕುಂಬಳಕಾಯಿ ಒಡೆದೆವು. ಚನ್ನಪ್ಪ ದಾರಿಯಲ್ಲಿ ಹೋಗುತ್ತ ಕಾರಿನ ಮುಂದೆ ನಿಂತರು. ಹೊಸ ಬಂಪರನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಹೇಳದೆ ಹೋದರು.

ಅಕ್ಟೋಬರ್ 4, ಶನಿವಾರ

ನಾನು ಏನು ಹೇಳಿದೆ ಎಂಬುದನ್ನು ಸರಿಯಾಗಿ ಬರೆದಿಡುತ್ತೇನೆ. ತಪ್ಪೇನನ್ನೂ ಹೇಳಲಿಲ್ಲ.

ಶಾಲೆಯಲ್ಲಿ ಕೂತು ಮೊಬೈಲಿಗೆ ಮಾಹಿತಿ ತುಂಬುತ್ತಿದ್ದೆ. ಫಾರೆಸ್ಟ್ ಗಾರ್ಡ್ ಬಸವೇಶ ಎಂಬ ಹುಡುಗ ಬಂದ. ವಿನಯವಂತ. ನಮಸ್ಕಾರ ಮಾಡಿ ನಿಂತೇ ಮಾತಾಡಿದ.

"ಕೊಣನೂರು ಹತ್ರ ಒಂದು ಜಿಂಕೆ ಹೊಡೆದು ಎತ್ಕೊಂಡು ಹೋಗಿದಾರೆ ಮೇಡಂ. ಬಿಳಿ ಕಾರು, ಒಳಗೆ ಇಬ್ರಿದ್ರಂತೆ. ಹಳ್ಳಿಮೈಸೂರು ಕಡೆಗೆ ಬಂದಿದೆ. ಊರೂರು ಕೇಳ್ತಾ ಇದೀವಿ. ನೀವು ಗಣತಿಗೆ ಮನೆ ಮನೆ ಸುತ್ತಿದೀರಲ್ಲ, ಈ ಊರಲ್ಲಿ ಕೊಣನೂರು ಕಡೆ ನೆಂಟಸ್ತನ ಯಾರಿಗಿದೆ?"

ಈ ಊರಿನಲ್ಲಿ ಕೊಣನೂರಿನಿಂದ ಬಂದ ಸೊಸೆ ನಾನೊಬ್ಬಳೇ. ಅವನು ಇನ್ನೊಬ್ಬರನ್ನು ಕೇಳಿದರೆ ಸಾಕು. ಅವನ ಹಿಂದೆ, ಬೇವಿನ ಮರದ ಕೆಳಗೆ, ನನ್ನ ಬಿಳಿ ಕಾರು ನಿಂತಿತ್ತು.

"ನೆಂಟಸ್ತನ ಗೊತ್ತಿಲ್ಲ" ಎಂದೆ. ಆಮೇಲೆ ನನ್ನ ಬಾಯಿ ತಾನಾಗಿ ಆಡಿತು. "ಚನ್ನಪ್ಪ ಅನ್ನೋರ ಮನೆ ಫ್ರಿಜ್‌ನಲ್ಲಿ ಏನೋ ಮಾಂಸ ಇತ್ತು. ಹಬ್ಬ ಆಗಿ ಇಷ್ಟು ದಿನ ಆಯ್ತಲ್ಲ, ಅದಕ್ಕೇ ಹೇಳಿದೆ. ನನ್ನ ಹೆಸರು ಬರಬಾರದು."

ಇಷ್ಟೇ. ಮಾಂಸ ಇತ್ತು ಎಂದೆ, ಇತ್ತು. ಅವರು ಕೊಂದರು ಎಂದು ನಾನು ಹೇಳಲಿಲ್ಲ. ಅವರು ನಮ್ಮ ಮೇಲೆ ಹೇಳುವ ಮೊದಲು ನಾನು ಹೇಳಿದ್ದೇನೆ, ಅಷ್ಟೇ ವ್ಯತ್ಯಾಸ. ಮೋಹನ್‌ಗೆ ಹೇಳಿಲ್ಲ. ಬಹಳ ದಿನದ ಮೇಲೆ ಹಸಿವಾಯಿತು.

ಅಕ್ಟೋಬರ್ 5, ಭಾನುವಾರ

ಬೆಳಗ್ಗೆಯೇ ಜೀಪು ಬಂತು. ಬಂದದ್ದು ಚನ್ನಪ್ಪನವರ ಮನೆಗೆ. ಸ್ವಲ್ಪ ಹೊತ್ತಿಗೆ ಬಸವೇಶ ನಮ್ಮ ಬಾಗಿಲಿಗೂ ಬಂದ. ಬಂದದ್ದು ಬೇರೆ ಕೆಲಸಕ್ಕೆ. ಮಹಜರಿಗೆ ಸಾಕ್ಷಿ ಬೇಕಂತೆ, ಸರ್ಕಾರಿ ನೌಕರರಾದರೆ ಒಳ್ಳೆಯದಂತೆ.

ಹೋದೆ. ಹೋಗದಿದ್ದರೆ ಅನುಮಾನ ಬರುತ್ತಿತ್ತು. ಬಾಳೆಲೆಯ ಗಂಟು ಜಗುಲಿಯ ಮೇಲಿತ್ತು. ಚಿಕ್ಕತ್ತೆ ಕಂಬ ಹಿಡಿದುಕೊಂಡು ನಿಂತಿದ್ದರು. ಊರೆಲ್ಲ ಸೇರಿತ್ತು, ಪಾಲು ತಿಂದ ಮನೆಯವರೆಲ್ಲ. ಒಬ್ಬರೂ ತುಟಿ ಬಿಚ್ಚಲಿಲ್ಲ.

"ಯಾರು ಕೊಟ್ಟಿದ್ದು?" ಎಂದು ಅಧಿಕಾರಿ ಕೇಳಿದರು.

"ಯಾರೂ ಕೊಟ್ಟಿಲ್ಲ ಸಾ. ರಸ್ತೇಲಿ ಸತ್ ಬಿದ್ದಿತ್ತು, ನಾನೇ ತಂದೆ" ಎಂದರು ಚನ್ನಪ್ಪ.

"ಯಾವ ರಸ್ತೆ?"

"ವಯಸ್ಸಾಗದೆ ಸಾ, ಗ್ಯಾನ ಇಲ್ಲ."

ಸಹಿಗೆಂದು ಕಾಗದ ಮುಂದಿಟ್ಟರು, ನಾನು ಪೆನ್ನು ಹಿಡಿದುಕೊಂಡೇ ಉಳಿದೆ. ಚನ್ನಪ್ಪ ಅದನ್ನು ನೋಡಿದರು. "ಆಕವ್ವ, ನಿನ್ ಕೆಲ್ಸ ನೀನ್ ಮಾಡು" ಎಂದರು. ಹಾಕಿದೆ. ಅವರನ್ನು ಜೀಪಿಗೆ ಹತ್ತಿಸಿದರು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದರು.

ಅತ್ತೆ ಮಧ್ಯಾಹ್ನದಿಂದ ಉಂಡಿಲ್ಲ. "ಯಾವ್ ಮುಂಡೇದು ಏಳ್ತೋ, ಅದ್ರ ನಾಲ್ಗೆ ಸೇದೋಗ" ಎಂದು ಒಲೆಯ ಮುಂದೆ ಕೂತು ಶಾಪ ಹಾಕುತ್ತಿದ್ದರು. ನಾನು ಪಾತ್ರೆ ತೊಳೆದೆ.

ಅಕ್ಟೋಬರ್ 7, ಮಂಗಳವಾರ

ಮೋಹನ್ ಹಾಸನದ ಜೈಲಿಗೆ ಹೋಗಿ ಚಿಕ್ಕಪ್ಪನನ್ನು ನೋಡಿ ಬಂದರು. ಬಂದವರೇ ಚಪ್ಪಲಿ ಕೂಡ ಬಿಡದೆ ನಡುಮನೆಯಲ್ಲಿ ಕೂತು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

"ಯಾಕ್ ನಮ್ಮೆಸ್ರು ಏಳ್ಲಿಲ್ಲ ಚಿಕ್ಕಪ್ಪ ಅಂದೆ ಕಣೆ. 'ನಮ್ಮಣ್ಣನ ಎಡೆ ಬಾಡು ಕಣ್ಲಾ ಅದು. ಕೊಟ್ಟ ಮನೆ ಎಸ್ರು ಏಳಕಾಯ್ತದಾ? ಬದೂನ್ ಜಗಳ ಬದೂನ್ ಮೇಲೆ ಇರ್ಲಿ' ಅಂದ್ಬುಟ್ಟ. ಇಷ್ಟ್ ವರ್ಸ ಆದ್ಮೇಲೆ ನನ್ ಕೂಡ ಆಡಿದ್ ಮೊದಲನೇ ಮಾತು."

ನೀರು ತಂದು ಕೊಟ್ಟೆ. ಆದರೆ ಯೋಚಿಸಬೇಕಲ್ಲ. ಇವತ್ತು ಹೇಳಿಲ್ಲ, ನಾಳೆ? ಒಳಗೆ ಚಳಿ, ಸೊಳ್ಳೆ, ವಯಸ್ಸಾದ ದೇಹ. ಎಷ್ಟು ದಿನ ತಡೆದಾರು?

ಮೋಹನ್ ತಾವೇ ಹೋಗಿ ಒಪ್ಪಿಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ನಾನು ಸಮಾಧಾನವಾಗಿ ತಿಳಿಸಿ ಹೇಳಿದೆ. ವಯಸ್ಸಾದವರಿಗೆ ಬೇಗ ಜಾಮೀನು ಸಿಗುತ್ತದೆ, ನಾವು ಒಳ್ಳೆ ವಕೀಲರನ್ನು ಇಡೋಣ, ಯಾರಿಗೂ ಗೊತ್ತಾಗದ ಹಾಗೆ.

"ಮೇಘ ಬಂದವ್ಳೆ. ತುಂಬಿದ್ ಬಸ್ರಿ. ಜೈಲ್ ಬಾಗ್ಲಲ್ಲಿ ನಿಂತಿದ್ಲು" ಎಂದರು.

ಹಾಗಾದರೆ ಆ ಮಾತು ನಿಜವೇ ಇತ್ತು. ಈಗ ಅದರಿಂದ ಏನೂ ಬದಲಾಗುವುದಿಲ್ಲ. ಬಾಗಿಲು ಚಿಲಕ ಹಾಕಿದೆಯೇ ಎಂದು ಎರಡು ಸಲ ಎದ್ದು ನೋಡಿದೆ.

ಅಕ್ಟೋಬರ್ 9, ಗುರುವಾರ

ಮೋಹನ್ ಹೋಗಿಬಿಟ್ಟರು. ಬೆಳಗ್ಗೆ ಸ್ನಾನ ಮಾಡಿ, ಮಾವನ ಫೋಟೋಗೆ ಕೈ ಮುಗಿದು, ಕಾರು ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದರು. ಬಾಗಿಲಿಗೆ ಅಡ್ಡ ನಿಂತೆ. ಮಗಳ ಮುಖ ನೋಡಿ ಎಂದೆ. ನನ್ನ ಕೆಲಸ ಎಂದೆ.

"ನಿನ್ನೆಸ್ರು ಬರಕಿಲ್ಲ. ಓಡಿಸ್ತಿದ್ದೋನೂ ನಾನೇ, ಎತ್ಕೊಂಡ್ ಬಂದೋನೂ ನಾನೇ ಅಂತೀನಿ. ಚಿಕ್ಕಪ್ಪ ಆಚೆ ಬರ್ಲಿ" ಎಂದು ನನ್ನ ಕೈ ಬಿಡಿಸಿ ಹೋದರು. ಅತ್ತೆ ಆಗಲೇ ಚನ್ನಪ್ಪನವರ ಜಗುಲಿಯ ಮೇಲೆ ಚಿಕ್ಕತ್ತೆಯ ಪಕ್ಕ ಕೂತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ.

ಮನೆಯಲ್ಲಿ ನಾನೊಬ್ಬಳೇ. ಮೋಹನ್ ಒಳ್ಳೆಯವರು, ಆದರೆ ಎರಡು ಪ್ರಶ್ನೆ ತಿರುವಿ ಕೇಳಿದರೆ ಎಡವುತ್ತಾರೆ. ಕಾರಿನಲ್ಲಿ ಇಬ್ಬರಿದ್ದರು ಎಂದು ಹಾಲಿನವನು ಹೇಳಿಯಾಗಿದೆ. ಓಡಿಸುತ್ತಿದ್ದದ್ದು ಹೆಂಗಸು ಎಂದೂ ಅವನು ಹೇಳಿದ್ದರೆ? ಬಸವೇಶ ಸೀದಾ ಕೊಣನೂರಿಗೆ ಹೋಗುತ್ತಾನೆ. ಅಮ್ಮನನ್ನು ಕೇಳುತ್ತಾನೆ.

ಅದಕ್ಕೇ ಅಮ್ಮನಿಗೆ ಫೋನ್ ಮಾಡಿದೆ. ಶುಕ್ರವಾರ ಪಕ್ಷಕ್ಕೆ ಅಳಿಯ ಬಂದಿದ್ದರು, ಜೊತೆಗೆ ಯಾರೋ ಸ್ನೇಹಿತರಿದ್ದರು, ಮಗಳು ಬಂದಿರಲಿಲ್ಲ, ಅವಳಿಗೆ ಜ್ವರ. ಇಷ್ಟನ್ನು ನಿಧಾನವಾಗಿ ಹೇಳಿಕೊಟ್ಟೆ. ಅಮ್ಮನಿಗೆ ಅರ್ಥವಾಗಲಿಲ್ಲ. ಅಪ್ಪನ ಎಡೆಗೆ ನೀನೇ ಅಲ್ಲವೇ ದೀಪ ಹಚ್ಚಿದ್ದು ಎಂದಳು. ಅಳುತ್ತಿದ್ದಳು ಎಂದು ಕಾಣುತ್ತದೆ. ಮೊದಲ ಸಲ ತಪ್ಪು ಹೇಳಿದಳು. ಎರಡನೆಯ ಸಲ ಸ್ನೇಹಿತನನ್ನು ಮರೆತಳು.

"ಅಲ್ಲ ದೀಪಾ, ಮೋಹನಂಗೆ ಏನೂ ಆಗಲ್ವಾ?" ಎಂದು ಕೇಳಿದಳು.

ಇನ್ನೊಂದು ಸಲ ಹೇಳಮ್ಮ ಎಂದೆ.